ಅಪ್ಪ ಹಿಂದಕ್ಕೆ ನಡೆದ ದಿನ

ಕೇಳಿರಿ, ಲಂಡನ್ನಿನ ಕನ್ನಡ ಮಹಾಜನರೇ! ಇಂದು ಎಜ್‌ವೇರಿನ ಮನೆಯಿಂದ ಸ್ಕೀ ಕಲಿಸಲು ಕರೆದೊಯ್ದ ನನ್ನ ಐದು ವರ್ಷದ ಮಗಳು, ಹಿಮದ ಬದಲು ಪ್ಲಾಸ್ಟಿಕ್ ಹಾಸಿದ ಇಳಿಜಾರಿನ ತುದಿಯಲ್ಲಿ ನಿಂತುಬಿಟ್ಟಳು. ನಾನು ಕೆಳಗಿನಿಂದ "ಬಾರವ್ವಾ, ರಣಧೀರೆ!" ಎಂದು ಗರ್ಜಿಸಿದೆ.

"ಸ್ಟಾಪ್ ಶೌಟಿಂಗ್, ಅಪ್ಪಾ! ನಾನಿನ್ನು ಬರಲ್ಲ!" ಎಂದು ಅತ್ತಳು.

ಆ ಅಳುವಿನಲ್ಲೇ ನಾನು ಮತ್ತೆ ಪುಟ್ಟ ಹುಡುಗನಾಗಿ ಧಾರವಾಡದ ನಾಟಕದ ಪರದೆಯ ಹಿಂದೆ ಹೋಗಿ ನಿಂತಿದ್ದೆ. ಗಾಳಿಯಲ್ಲಿ ತೇಲುವ ಪೌಡರಿನ ಘಮ, ರಾಜನ ವೇಷದ ದೊಡ್ಡ ಬೂಟಿನೊಳಗೆ ನನ್ನ ಪುಟ್ಟ ಕಾಲು. ಹೆಜ್ಜೆ ಏಳಲಿಲ್ಲ. ಪ್ರೇಕ್ಷಕರಿಗೆ ಬೆನ್ನು ಮಾಡಿದ ನಟರನ್ನು ಗುಡುಗಿ ಬೈಯುತ್ತಿದ್ದ, ನಾಟಕ ಆಡಿಸುತ್ತಿದ್ದ ನನ್ನ ಅಪ್ಪ, ಅಂದು ತಾವೇ ಬೆನ್ನು ಮಾಡಿದರು. "ನನ್ನ ಮಾರಿ ಅಷ್ಟ ನೋಡು, ಮಗಾ," ಎಂದು ಪಿಸುಗುಟ್ಟಿ, ನನ್ನೆರಡೂ ಕೈ ಹಿಡಿದು, ಹಿಂದಕ್ಕೆ ನಡೆಯುತ್ತ ಬೆಳಕಿನೊಳಗೆ ಕರೆದೊಯ್ದರು.

ನಾಳೆ ಬೆಳಿಗ್ಗೆ ಮಗಳ ಎರಡೂ ಕೈ ಹಿಡಿದು, ಒಮ್ಮೆಯೂ ಗರ್ಜಿಸದೆ, ಆ ಇಳಿಜಾರನ್ನು ಹಿಮ್ಮುಖವಾಗಿ ಇಳಿಯುತ್ತೇನೆ.