ಗಾದಿಯಾದ ಮುಚ್ಚಳ

"ಅಕ್ಕಾ, ಮನ್ಯಾಗ ಎರಡು ಎಮ್ಮಿ ಕಟ್ಟಿದ್ರ ಹಾಲರ ಕೊಡತಿದ್ವು. ಈ ತೊಟ್ಟಿ ಬರೇ ಕರೆಂಟ್ ತಿನ್ನಾಕತ್ತೈತಿ!"

ಹೋದ ತಿಂಗಳು ಫೋನಿನಲ್ಲಿ ಹೀಗೆ ಕೂಗಾಡಿದವನು ನನ್ನ ತಮ್ಮ ಬಸಣ್ಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ತೊಟ್ಟಿ ಎಂದರೆ ಸ್ಪಾ ಪೂಲ್, ಹೀಟರಿನಿಂದ ನೀರು ಸದಾ ಬಿಸಿಯಾಗಿರುವ, ಒಳಗಿಳಿದು ಕೂರುವ ದೊಡ್ಡ ತೊಟ್ಟಿ. ಹೆಂಡತಿ ಶೋಭಾಳ ಮೊಣಕಾಲು ನೋವಿಗೆಂದು ತಾನೇ ತಾರಸಿಯ ಮೇಲೆ ಇಡಿಸಿದ್ದು. ಆ ಬಿಸಿನೀರಿನಲ್ಲಿ ಅರ್ಧ ತಾಸು ಕುಳಿತೆದ್ದರೆ ಶೋಭಾ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿಯುತ್ತಾಳೆ. ಆದರೆ ಬಿಲ್ ಬಂದ ದಿನ ಇವನು ಬೈಯುತ್ತಾ ಮೆಟ್ಟಿಲೇರುತ್ತಾನೆ. ಕೊನೆಗೆ ರಾಣೆಬೆನ್ನೂರಿನ ಲಾಡ್ಜಿನವರೊಬ್ಬರಿಗೆ ಮಾರುವ ಮಾತಾಯಿತು. ಬುಧವಾರ ಟೆಂಪೋ ಬರುವುದಿತ್ತು.

ಮಂಗಳವಾರವೇ ನಾನು ಹಾವೇರಿಯಿಂದ ಮೊದಲ ಬಸ್ಸು ಹತ್ತಿದೆ. (ಎರಡನೆಯದು ತಡವಾಗಿ ಏಳುವವರಿಗೆ.)

ತಾರಸಿಯಲ್ಲಿ ಗಾಳಿಯೋ ಗಾಳಿ. ತೊಟ್ಟಿಯಿಂದ ಹಬೆ ಏಳುತ್ತಿತ್ತು. ಹೀಟರ್ ಗುಂಯ್ ಎನ್ನುತ್ತಿತ್ತು. ನೀರಿನಲ್ಲಿ ಯಾರೂ ಇಲ್ಲ!

"ದಿನಾ ಯಾವಾಗ ಕುಂದರ್ತಿ?" ಎಂದೆ.

"ಕೆಲಸ ಮುಗದಾಗರಿ ಅಕ್ಕಾರ," ಎಂದಳು ಶೋಭಾ. "ಒಂದಿನ ಮುಂಜಾನೆ, ಒಂದಿನ ಸಂಜೀಕ."

"ಮುಚ್ಚಳ ಎಲ್ಲೈತಿ?"

"ಇದಕ್ಯಾತರ ಮುಚ್ಚಳರಿ?"

ಲೋಟದ ಚಹಾಕ್ಕೂ ತಟ್ಟೆ ಮುಚ್ಚುವ ಮನೆ ಅದು. ಇಷ್ಟು ಬಿಸಿನೀರನ್ನು ಹಗಲೂ ರಾತ್ರಿ ಆಕಾಶಕ್ಕೆ ತೆರೆದಿಟ್ಟರೆ ಹೀಟರ್ ಕಾಯಿಸುವುದು ನೀರನ್ನೋ, ಬ್ಯಾಡಗಿಯ ಗಾಳಿಯನ್ನೋ?

ಇದನ್ನೇ ಕೇಳಲು ಅಂಗಡಿಗೆ ಹೋದೆ. "ಬಾ ಅಕ್ಕಾ, ಗಾದಿ ಮ್ಯಾಲ ಕುಂದ್ರು," ಎಂದ ತಮ್ಮ. ಅವನ ಪಕ್ಕದಲ್ಲೇ ಕುಳಿತೆ. ವಿಚಿತ್ರ ಗಾದಿ. ಒಳಗೆ ದಪ್ಪ ಫೋಮ್, ಮೇಲೆ ಕಂದು ರೆಕ್ಸಿನ್, ನಡುವೆ ಮಡಿಕೆ, ಅಂಚಿಗೆ ನಾಲ್ಕು ಬಕಲ್. ಗಾದಿಗೆ ಬಕಲ್ ಯಾಕೆ ಎಂದು ಕೇಳಿದೆ.

"ತೊಟ್ಟಿ ಜೋಡಿ ಬಂದಿತ್ತು. ಪ್ಯಾಕಿಂಗ್ ಸಾಮಾನು," ಎಂದ ಹೆಮ್ಮೆಯಿಂದ. "ಎಷ್ಟು ಮೆತ್ತಗೈತಿ ನೋಡು. ಬಂದವರೆಲ್ಲಾ ಎಲ್ಲಿ ಹೊಲಿಸಿದ್ರಿ ಅಂತ ಕೇಳ್ತಾರ."

"ಏಳೋ ಬಸ್ಯಾ! ತೊಟ್ಟಿ ಮುಚ್ಚಳದ ಮ್ಯಾಲ ಕುಂತು ಹೆಂಡ್ತೀನ್ನ ಬೈತಿಯಲ್ಲೋ!"

ತೂಕ ಹಾಕುತ್ತಿದ್ದ ಹಮಾಲರೆಲ್ಲ ನಕ್ಕರು. ಒಬ್ಬ, "ಸಾಹುಕಾರ್ರ, ಇದನ್ನ ಹೊತ್ತು ಒಯ್ಯಾಕ ಹಮಾಲಿ ರೊಕ್ಕ ಬ್ಯಾಡ ಬಿಡ್ರಿ," ಎಂದ.

ಮುಚ್ಚಳ ಮನೆಗೆ ಬಂತು. ಮೆಣಸಿನಕಾಯಿ ಘಾಟು ಹೋಗುವವರೆಗೆ ಮೂರು ಸಲ ತೊಳೆದೆವು. (ನಾನು ಸೀನಿದ್ದನ್ನು ಲೆಕ್ಕವಿಡಲಿಲ್ಲ.) ಬಿಸಿಯನ್ನು ತುಸು ಇಳಿಸಿ, ಶೋಭಾ ಕೂರುವ ಹೊತ್ತು ದಿನಾ ಮುಂಜಾನೆ ಆರೂವರೆ ಎಂದು ಗೊತ್ತು ಮಾಡಿ, ನೀರಿನಿಂದ ಎದ್ದ ಕೂಡಲೇ ಬಕಲ್ ಬಿಗಿಯಬೇಕೆಂದು ಗೋಡೆಗೆ ಚೀಟಿ ಅಂಟಿಸಿದೆ. ಬುಧವಾರ ಮುಂಜಾನೆ ಮುಚ್ಚಳ ಎತ್ತಿದಾಗ ಹೀಟರ್ ಸುಮ್ಮನಿತ್ತು, ನೀರು ಬಿಸಿಯಾಗಿತ್ತು. ಟೆಂಪೋದವನು ಚಹಾ ಕುಡಿದು ಖಾಲಿ ಗಾಡಿ ಒಯ್ದ.

ಈ ತಿಂಗಳ ಬಿಲ್ ಬಂದಾಗ ಬೈಗುಳ ಕೇಳಲಿಲ್ಲವಂತೆ. ಈಗ ಶೋಭಾಳದೇ ಫೋನ್: "ಅಕ್ಕಾರ, ಖರ್ಚು ಕಡಿಮಿ ಆತು ಅಂತ ಇವರು ಆರಕ್ಕ ತೊಟ್ಯಾಗ ಇಳೀತಾರರಿ. ಏಳಾದ್ರೂ ಏಳಂಗಿಲ್ಲ. ನಾ ಟವೆಲ್ ಹಿಡಕೊಂಡು ನಿಂತಿರ್ತೇನಿ!"

ಬಿಲ್ ಇಳಿಸುವ ದಾರಿ ಹೇಳಿದ್ದಾಯಿತು. ಗಂಡನನ್ನು ಬಿಸಿನೀರಿನಿಂದ ಎಬ್ಬಿಸುವ ದಾರಿ ನಿಮಗೆ ಗೊತ್ತೇ?