ಹದಿನೈದು ದಿನ ಹಿಂದಿನ ತಾರೀಕು

ಹೋದ ತಿಂಗಳು ಒಂದು ಬೆಳಿಗ್ಗೆ, ರಾಯಚೂರಿನ ನಮ್ಮ ಮನೆಯ ಪಕ್ಕದ ಬಯಲಿನಲ್ಲಿ ಪೋಸ್ಟರ್ ಹಚ್ಚುವವರು ಮೈದಾ ಅಂಟು ಕುದಿಸುತ್ತಿದ್ದರು. ಹುಳ ಹತ್ತದಿರಲೆಂದು ಅದಕ್ಕೆ ಚೂರು ಮೈಲುತುತ್ತ ಹಾಕುತ್ತಾರೆ. ಆ ವಾಸನೆ ಮಹಡಿಗೆ ಬಂದದ್ದೇ ತಡ, ಹಲ್ಲುಜ್ಜುತ್ತಿದ್ದ ನನ್ನ ಕೈಕಾಲು ತಣ್ಣಗಾದವು. "ಬಿ.ಪಿ. ಗುಳಿಗಿ ತಗೊಂಡಿಲ್ಲೇನು?" ಎಂದಳು ಹೆಂಡತಿ. ಗುಳಿಗೆಗೆ ಇಳಿಯುವಂಥದ್ದಾಗಿದ್ದರೆ ಎಂದೋ ಇಳಿಯುತ್ತಿತ್ತು. ಅದು ದಫೇದಾರರ ವಾಸನೆ...

ನಾನೀಗ ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿಬರುವ ಸರ್ಕಾರಿ ನೌಕರ. ದಫೇದಾರರ ಜೊತೆಗಿದ್ದಾಗ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಗುಮಾಸ್ತ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದು ಯಾವ ಕಚೇರಿ, ಯಾವ ಊರು ಎಂದು ಬರೆಯುವ ಧೈರ್ಯ ಇವತ್ತಿಗೂ ಇಲ್ಲ, ಕೇಳಬೇಡಿ. ದಫೇದಾರರು ದಾಖಲೆಯಲ್ಲಿ ಬರೀ ಜವಾನರು. ಗೌರವಕ್ಕೆ ಎಲ್ಲರೂ ಹಾಗೆ ಕರೆಯುತ್ತಿದ್ದರು. ಮನೆಮನೆಗೆ ನೋಟಿಸು ಮುಟ್ಟಿಸುವುದು ಅವರ ಕೆಲಸ. ಬಾಗಿಲಿಗೆ ಅಂಟಿಸಿ, ಮೂಲೆಯಲ್ಲಿ ತಾರೀಕು ಬರೆದು, ಸಹಿ ಹಾಕಬೇಕು. ಅಂಟು ತಾವೇ ಕುದಿಸಿ ಡಾಲ್ಡಾ ಡಬ್ಬಿಯಲ್ಲಿ ತುಂಬಿ ಸೈಕಲ್ಲಿಗೆ ತೂಗುಹಾಕಿಕೊಳ್ಳುತ್ತಿದ್ದರು. ಅಂಟಿಸುವ ಮೊದಲು ಮನೆಯವರನ್ನು ಹೊರಗೆ ಕರೆದು, ಕಾಗದವನ್ನು ಪೂರ್ತಿ ಓದಿ ಹೇಳುತ್ತಿದ್ದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಡವಾಗುತ್ತದೆಂದು ನಾನು ಗೊಣಗಿದರೆ, "ಓದಾಕ ಬರದವರ ಬಾಗಿಲಿಗಿ ಹಚ್ಚಿ ಬಂದ್ರ ಅದು ನೋಟಿಸಲ್ರೀ ಸಾಹೇಬ್ರ, ಬರೇ ಹಾಳಿ" ಎನ್ನುತ್ತಿದ್ದರು.

ಹಳ್ಳದ ದಂಡೆಯಲ್ಲಿ ಹನ್ನೊಂದು ಮನೆಗಳಿದ್ದವು. ಕೂಲಿ ಮಾಡುವವರ ಮನೆಗಳು. ರಸ್ತೆಗಾಗಿ ಅವನ್ನು ತೆರವು ಮಾಡಬೇಕೆಂದು ಆದೇಶ ಬಂದಿತ್ತು. ನೋಟಿಸು ಕೊಟ್ಟ ಮೇಲೆ ಹದಿನೈದು ದಿನ ಕಾಯಬೇಕು ಎಂಬುದು ನಿಯಮ. ನೋಟಿಸು ಯಾರ ಕಪಾಟಿನಲ್ಲೋ ಮಲಗಿಬಿಟ್ಟಿತ್ತು, ಜೆಸಿಬಿ ಮಾತ್ರ ಮರುದಿನಕ್ಕೇ ನಿಗದಿಯಾಗಿತ್ತು. ನಮ್ಮ ಕಚೇರಿಯ ಸಾಹೇಬರು ನನ್ನನ್ನೂ ದಫೇದಾರರನ್ನೂ ಒಳಗೆ ಕರೆದರು. "ಇವತ್ತ ಹಚ್ಚಿ ಬರ್ರಿ. ತಾರೀಕು ಹದಿನೈದು ದಿನ ಹಿಂದಿಂದು ಹಾಕ್ರಿ. ಮ್ಯಾಲಿಂದ ಬಂದದ" ಎಂದರು.

ಸಾಹೇಬರು ರಾಕ್ಷಸರಾಗಿದ್ದರೆ ನನಗೆ ಬರೆಯುವುದು ಸುಲಭವಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೃಷ್ಣೆಗೆ ಪ್ರವಾಹ ಬಂದಾಗ ಅವರೇ ಎರಡು ದಿನ ಅನ್ನ ನಿದ್ದೆ ಬಿಟ್ಟು ನದಿ ದಂಡೆಯ ಜನರನ್ನು ದಾಟಿಸಿದ್ದರು. ಮುದುಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದದ್ದನ್ನು ನಾನೇ ಕಂಡಿದ್ದೆ. ಅವತ್ತೂ ಸರ್ಕಾರ ಅದೇ. ಅಂಥವರು ಕಣ್ಣೆತ್ತದೆ ಈ ಮಾತು ಹೇಳಿದರಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಓಣಿಯಲ್ಲಿ ದಫೇದಾರರು ಎಂದಿನಂತೆ ಓದುತ್ತ ಹೊರಟರು. ಒಬ್ಬ ಮುದುಕಿ, ಮಗಳು ಹೆತ್ತು ಆರು ದಿನವಾಗಿದೆ ಎಂದು ಒಳಗೆ ಕೈ ತೋರಿಸಿ ಕೇಳಿದಳು. "ಹದಿನೈದು ದಿನ ಅದಲ್ಲೋ ಯಪ್ಪಾ? ಅಷ್ಟರಾಗ ಬಾಣಂತಿ ಏಳತಾಳ."

"ಕಾಗದದಾಗ ಹದಿನೈದು ದಿನ ಅದ ಯವ್ವಾ. ಕಾಗದ ನಂಬಬ್ಯಾಡ. ಇವತ್ತ ಸಾಮಾನು ತಗಿ" ಎಂದರು ದಫೇದಾರರು.

ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ಹಿಂದೆ ಮುಂದೆ ನೋಡಿದೆ. ಅಷ್ಟರಲ್ಲಿ ಅವರು ಬಾಗಿಲಿಗೆ ಕಾಗದ ಅಂಟಿಸಿ ಮೂಲೆಯಲ್ಲಿ ಬರೆಯತೊಡಗಿದರು.

"ದಫೇದಾರ್ರ, ಏನು ಮಾಡಾಕತ್ತೀರಿ?"

"ಇವತ್ತಿನ ತಾರೀಕು ಬರ್ಯಾಕತ್ತೀನ್ರೀ."

ಹನ್ನೊಂದು ಮನೆಗಳಲ್ಲೂ ಅದೇ ಮಾತು ಹೇಳಿ, ಅದೇ ತಾರೀಕು ಬರೆದರು. ನಾನು ಕಚೇರಿಗೆ ಬಂದು ಹದಿನೈದು ದಿನ ಹಿಂದಿನ ತಾರೀಕು ಹಾಕಿ, ನೋಟಿಸು ಹಚ್ಚಿದ್ದಕ್ಕೆ ಪಂಚನಾಮೆ ಬರೆದೆ. ಓಣಿಯನ್ನೇ ಕಾಣದ ಇಬ್ಬರು ಸಾಕ್ಷಿಗಳು ಎದುರಿನ ಚಹಾ ಅಂಗಡಿಯಲ್ಲಿ ಸಿಕ್ಕರು.

ಆಮೇಲೆ ಅದೇ ಅಂಗಡಿಯ ಬೆಂಚಿನ ಮೇಲೆ ಕೂತು ನಾನು, "ಸರ್ಕಾರಾನ ಪಾಪಿ ಅದ ಬಿಡ್ರಿ ದಫೇದಾರ್ರ. ನಾವೇನು ಮಾಡಾಕ ಆಗ್ತದ?" ಎಂದೆ. ಹಾಗೆಂದ ಕೂಡಲೇ ಮೈ ಹಗುರಾಯಿತು, ಸುಳ್ಳೇಕೆ ಹೇಳಲಿ.

ಅವರು ಬೆರಳಿಗೆ ಒಣಗಿ ಹತ್ತಿದ್ದ ಅಂಟನ್ನು ಕೆರೆದು ತೆಗೆಯುತ್ತಿದ್ದರು. "ಪಾಪಿ ಅನ್ರಿ, ಬ್ಯಾಡನ್ನಂಗಿಲ್ಲ. ಆದ್ರ ಮುಂಜಾನೆ ಆ ಓಣ್ಯಾಗ ಸರ್ಕಾರ ಅಂತ ಹೋದವರು ನಾವಿಬ್ರ. ಪೂರಾ ಸರ್ಕಾರಾನ ಪಾಪಿ ಅಂದುಬಿಟ್ರ ನಾವಿಬ್ರೂ ಪಾರಾಗಿಬಿಡ್ತೀವ್ರೀ ಸಾಹೇಬ್ರ. ಹಂಗ ಪಾರಾಗೂದು ನನಗ ಬ್ಯಾಡ" ಎಂದರು.

ಮರುದಿನ ಹನ್ನೊಂದು ಮನೆಗಳೂ ನೆಲಕ್ಕೆ ಬಿದ್ದವು. ಅವರ ಮಾತು ಕೇಳಿ ಸಾಮಾನು ತೆಗೆದಿದ್ದವಳು ಆ ಮುದುಕಿ ಒಬ್ಬಳೇ. ಬಾಣಂತಿಯನ್ನೂ ಕೂಸನ್ನೂ ಬೇವಿನ ಗಿಡದ ಕೆಳಗೆ ಕೂರಿಸಿ, ಸೀರೆಯೊಂದನ್ನು ಅಡ್ಡ ಕಟ್ಟಿದ್ದಳು. ಉಳಿದವರು ಕಾಗದ ನಂಬಿದ್ದರು...

ಯಾರೋ ಒಬ್ಬರು ತಮ್ಮ ಬಾಗಿಲಿನ ಹಾಳೆಯನ್ನು ಹರಿಯದಂತೆ ಬಿಡಿಸಿಟ್ಟುಕೊಂಡು ದೂರು ಕೊಟ್ಟರು. ವಿಚಾರಣೆ ನಡೆಯಿತು. ಹಾಳೆಯ ಮೇಲೊಂದು ತಾರೀಕು, ಪಂಚನಾಮೆಯ ಮೇಲೊಂದು. ಯಾವುದು ಸರಿ ಎಂದು ನನ್ನನ್ನು ಕೇಳಿದರು. ದಫೇದಾರರು ಎದುರಿಗೇ ನಿಂತಿದ್ದರು. ಕೆಲಸ ಹೋದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ಪಂಚನಾಮೆ ಸರಿ. ಅವರಿಗೆ ವಯಸ್ಸಾಗಿದೆ, ತಾರೀಕು ಮರೆತಿರಬೇಕು" ಎಂದೆ. ಅವರು ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿರಲಿಲ್ಲ. ಕಾಗದ ಓದಿ ಹೇಳಿದ ಮೇಲೆ ಮನೆಯವರಿಗೆ ತಿಳಿಯಿತೋ ಇಲ್ಲವೋ ಎಂದು ನೋಡುತ್ತಿದ್ದರಲ್ಲ, ಹಾಗೆ ನೋಡಿದರು.

ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಅವರನ್ನು ಕೆಲಸದಿಂದ ತೆಗೆದರು. ತಮ್ಮ ಹುಟ್ಟೂರು ದೇವದುರ್ಗಕ್ಕೆ ಹೋಗಿಬಿಟ್ಟರು. ನನ್ನ ನೌಕರಿ ಕಾಯಂ ಆಯಿತು, ಬಡ್ತಿಗಳೂ ಬಂದವು. ದೇವದುರ್ಗದ ಬಸ್ಸು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದೆ. ಎಲ್ಲಿಯಾದರೂ ಯಾರಾದರೂ ಸರ್ಕಾರವನ್ನು ಬೈದರೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದವನು ನಾನೇ.

ಆ ಬೆಳಿಗ್ಗೆ ಅಂಟಿನ ವಾಸನೆ ಬಡಿದ ಮೇಲೆ ಮಾನ್ವಿಗೆ ರಜೆ ಹೇಳಿ ದೇವದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅವರು ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಬೇಡಿಕೊಂಡೆ. ಹೊಡೆದರೆ ತಡೆಯಲಾರೆ ಎಂಬ ಹೆದರಿಕೆಯೂ ಇತ್ತು. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ದಫೇದಾರರು ತೀರಿಕೊಂಡು ಎರಡು ವರ್ಷವಾಗಿತ್ತು.

ಅವರ ಹೆಂಡತಿ ಚಾಪೆ ಹಾಸಿದರು. ನಾನು ಯಾರೆಂದು ಹೇಳಿ, "ಯವ್ವಾ, ತಾರೀಕು ಅವರದ ಖರೇ ಇತ್ತು. ನಾನ ಸುಳ್ಳು ಹೇಳಿದೆ" ಎಂದೆ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು.

"ಗೊತ್ತದರಿ" ಎಂದರು ಆಕೆ. ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, ಸಮಾಧಾನದ ದನಿಯಲ್ಲಿ ಹೇಳಿದರು. "ಅವರು ನಿಮಗೇನೂ ಅಂತಿದ್ದಿಲ್ರೀ. ಒಮ್ಮಿ ನಾನ ನಿಮ್ಮನ್ನ ಬೈದ್ರ, 'ಸರ್ಕಾರಾನ ಪಾಪಿ ಇದ್ದಾಗ ಆ ಮನುಷ್ಯಾ ಏನು ಮಾಡ್ತಾನ, ಬಿಡು' ಅಂದ್ರು."

ಚಹಾ ತಂದಿಟ್ಟರು. ಕುಡಿಯದೆ ಕೈಮುಗಿದು ಹೊರಟುಬಂದೆ.

ಈಗ ಮಾನ್ವಿಯಲ್ಲಿ ಮೇಜಿನ ಮೇಲಿನ ಪ್ರತಿ ಕಾಗದದ ತಾರೀಕನ್ನು ಎರಡು ಸಲ ನೋಡುತ್ತೇನೆ, ಆದರೂ ಹೆದರಿಕೆ ಹೋಗುವುದಿಲ್ಲ. ತಮಗೆ ಬೇಡವೆಂದ ಬಿಡುಗಡೆಯನ್ನು ದಫೇದಾರರು ನನಗೆ ಕೊಟ್ಟು ಹೋದರು. ಅದು ಕ್ಷಮೆಯೋ, ಇವನಿಂದ ಇನ್ನೇನೂ ಆಗದೆಂದು ಕೈಬಿಟ್ಟದ್ದೋ... ಕೇಳೋಣವೆಂದರೆ ಅವರಿಲ್ಲ.