ತಾಂಬೂಲದಲ್ಲಿ ಬಂದ ಬೆಳ್ಳಿ ದೀಪ

ಎಲ್ಲದಕ್ಕೂ ಮೂಗು ತೂರಿಸುವ ನನ್ನ ಸ್ವಭಾವ ನೋಡಿಯೇ ಇರಬೇಕು, ನಮ್ಮ ಕಂಪನಿಯ ಮಾಲೀಕರು ಲಂಚ ತಡೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದು. ನಮ್ಮದು ರಾಜಾಜಿನಗರದಲ್ಲಿ ಪಂಪು ತಯಾರಿಸುವ ಕಾರ್ಖಾನೆ. ಲಂಚಕ್ಕೆ ನಿಮ್ಮಲ್ಲಿ ಏನು ಕಡಿವಾಣವಿದೆ ಎಂದು ಹೊರದೇಶದ ಗಿರಾಕಿಗಳು ಕೇಳತೊಡಗಿದ ಮೇಲೆ ಒಂದು ನಿಯಮ ಬಂತು: ನಮಗೆ ಸರಕು ಒದಗಿಸುವವರಿಂದ ಯಾರೂ ಉಡುಗೊರೆ ತೆಗೆದುಕೊಳ್ಳಬಾರದು. ಹಾಗಾದರೆ ಆಯುಧಪೂಜೆಯ ಸ್ವೀಟ್ ಬಾಕ್ಸು ಏನು ಮಾಡೋದು ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಹಂಚಿಕೊಂಡು ತಿನ್ನಿ ಎನ್ನುತ್ತಿದ್ದೆ. ಉಡುಗೊರೆ ಎಲ್ಲಿ ಮುಗಿದು ಲಂಚ ಎಲ್ಲಿ ಶುರುವಾಗುತ್ತದೆ ಎಂಬುದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಪಂಪುಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದ ಹೆಂಗಸು ಮಾರೇನಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಹೆಗ್ಗನಹಳ್ಳಿಯಲ್ಲಿ ಅವರದೊಂದು ಶೆಡ್ಡು, ಅಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೆಲಸಗಾರರು. ನಮ್ಮ ಆರ್ಡರ್ ನಿಂತರೆ ಶೆಡ್ಡಿಗೆ ಬೀಗ ಹಾಕಬೇಕು ಎಂದು ಆಕೆಯೇ ಹೇಳಿದ್ದರು. ವರಮಹಾಲಕ್ಷ್ಮಿ ಹಬ್ಬದ ದಿನ ಮನೆಗೆ ಅರಿಶಿನ-ಕುಂಕುಮಕ್ಕೆ ಬನ್ನಿ ಎಂದು ಕರೆದರು. ಹೋಗಬೇಡ ಎಂದು ಬುದ್ಧಿ ಹೇಳಿತು, ಕುತೂಹಲ ಕೇಳಲಿಲ್ಲ. ವಿಜಯನಗರದ ನಮ್ಮ ಮನೆಯಿಂದ ಮಾರೇನಹಳ್ಳಿ ಹತ್ತಿರವೇ; ಎದುರುಮನೆಯವರಿಗೂ ಕರೆ ಬಂದಿದ್ದರಿಂದ ಅವರ ಜೊತೆ ನಡೆದೇ ಹೋದೆ.

ವಾಪಸ್ ಬಂದು ತಾಂಬೂಲದ ಚೀಲ ಬಿಚ್ಚಿದರೆ ತೆಂಗಿನಕಾಯಿ, ವೀಳ್ಯದೆಲೆ, ಬಳೆ, ರವಿಕೆ ಬಟ್ಟೆ. ಅದರ ಕೆಳಗೆ ಒಂದು ಬೆಳ್ಳಿ ದೀಪ. ನನ್ನ ಜೊತೆಗೇ ಬಂದಿದ್ದ ಎದುರುಮನೆಯವರಿಗೆ ಏನು ಸಿಕ್ಕಿದೆ ಎಂದು ತಿಳಿಯದೆ ಇರಲಾಗಲಿಲ್ಲ. ಹೋಗಿ ಕೇಳಿಯೇಬಿಟ್ಟೆ.

"ಸ್ಟೀಲ್ ಬಟ್ಲು ಕಣೇ. ಯಾಕೆ, ನಿಂಗೆ ಬರ್ಲಿಲ್ವಾ?" ಎಂದರು. ನಾನು ಏನೋ ಹೇಳಿ ಜಾರಿಕೊಂಡೆ.

ದೀಪವನ್ನು ನಾಳೆಯೇ ಹಿಂದಿರುಗಿಸುತ್ತೇನೆ ಎಂದಾಗ ನಮ್ಮತ್ತೆ ಗಾಬರಿಯಾದರು. "ತಾಂಬೂಲ ಯಾರಾದ್ರೂ ವಾಪಸ್ ಕೊಡ್ತಾರಾ? ಆ ಮನೆಗೂ ಒಳ್ಳೇದಲ್ಲ, ನಮಗೂ ಒಳ್ಳೇದಲ್ಲ."

ನಿಯಮದ ಪ್ರಕಾರ ವಿಷಯವನ್ನು ಮಾಲೀಕರಿಗೆ ತಿಳಿಸಿದೆ. "ಅವರ ಆರ್ಡರ್ ಕ್ಯಾನ್ಸಲ್ ಮಾಡಿ. ಇಂಥದ್ರಲ್ಲಿ ಮುಲಾಜು ಬೇಡ," ಎಂದರು ಅವರು. ನನಗೆ ತುಂಬ ಸಂಕಟವಾಯಿತು. ಆಕೆಯ ಪೆಟ್ಟಿಗೆಗಳಲ್ಲಿ ಹೋದ ಪಂಪುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸ್ವಲ್ಪ ಸಮಯ ಕೊಡಿ ಸಾರ್, ವಿಚಾರಿಸುತ್ತೇನೆ ಎಂದೆ.

ದಾರಿ ತೋರಿಸಿದವರು ಅತ್ತೆಯೇ. ತಾಂಬೂಲ ವಾಪಸ್ ಕೊಡಬಾರದು ನಿಜ, ಆದರೆ ಆಕೆಯನ್ನೂ ಮನೆಗೆ ಕರೆದು ನಾವು ತಾಂಬೂಲ ಕೊಡಬಹುದಲ್ಲ. ಆಗ ಬೇಡ ಎನ್ನಲು ಆಕೆಗೂ ಬರುವುದಿಲ್ಲ. ಶ್ರಾವಣದ ಮುಂದಿನ ಶುಕ್ರವಾರ ಆಕೆಯನ್ನು ಕರೆದೆವು. ಕುಂಕುಮವಿಟ್ಟು, ಕಾಯಿಯ ಕೆಳಗೆ ಅದೇ ದೀಪವಿಟ್ಟ ಚೀಲವನ್ನು ಕೈಗಿತ್ತೆ. ಭಾರ ತಿಳಿದ ಕೂಡಲೇ ಆಕೆಯ ಮುಖ ಬಾಡಿತು.

"ನಮ್ ಆರ್ಡರ್ ಹೋಯ್ತಾ ಮೇಡಂ?"

"ಮೊದ್ಲು ಹೇಳಿ, ನನಗೊಬ್ಬಳಿಗೇ ಬೆಳ್ಳಿ ಯಾಕೆ?"

"ನಿಮ್ಗೊಬ್ರಿಗೇ ಅಲ್ಲ. ನಿಮ್ ಸಾಹೇಬ್ರ ಮನೆಯವ್ರಿಗೆ ಪ್ರತಿ ವರ್ಷ ಕೊಡ್ತೀವಿ. ಅವ್ರು ಯಾವತ್ತೂ ಬೇಡ ಅಂದಿಲ್ಲ. ಈ ವರ್ಷದಿಂದ ನಮ್ ಆರ್ಡರ್ ಪೇಪರ್ ನಿಮ್ಮ ಹತ್ರಾನೂ ಬರುತ್ತೆ ಅಂತ ನಿಮ್ ಆಫೀಸ್‌ನೋರು ಅಂದ್ರು. ನಿಮ್ಗೂ ಕೊಡ್ಬೇಕೇನೋ ಅನ್ಕೊಂಡೆ."

ಆಕೆಯ ದನಿಯಲ್ಲಿ ಕಳ್ಳತನವೇ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಆಕೆಯ ಮೇಲಲ್ಲ.

ಮಾರನೆಯ ದಿನ ಮಾಲೀಕರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದೆ. "ಸಾರ್, ನಿಮ್ಮ ಮನೆಗೂ ಪ್ರತಿ ವರ್ಷ ದೀಪ ಬರುತ್ತಂತೆ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಹಬ್ಬದ್ದು ಕಣಮ್ಮ."

"ನನ್ನದೂ ಹಬ್ಬದ್ದೇ ಸಾರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಕೊನೆಗೆ, "ಆಯ್ತು, ಆರ್ಡರ್ ಹಾಗೇ ಇರ್ಲಿ. ಇದನ್ನ ಇಲ್ಲಿಗೇ ಬಿಡೋಣ," ಎಂದರು. ನಾನು ಬಿಡಲಿಲ್ಲ. ಇನ್ನು ಮುಂದೆ ನಿಯಮ ಅವರ ಮನೆಯವರಿಗೂ ಅನ್ವಯಿಸುತ್ತದೆ ಎಂದು ಬರೆದು, ಅದಕ್ಕೆ ಅವರಿಂದಲೇ ಸಹಿ ಹಾಕಿಸಿಕೊಂಡು ಹೊರಬಂದೆ.

ಆಕೆಗೆ ಫೋನ್ ಮಾಡಿ ಆರ್ಡರ್ ಉಳಿಯಿತು ಎಂದೆ. "ಪೆಟ್ಟಿಗೆ ಚೆನ್ನಾಗಿದೆ ಅಂತ ತಾನೇ ಮೇಡಂ?" ಎಂದು ಕೇಳಿದರು, ಖುಷಿಯಿಂದ. ಹೌದು ಎಂದೆ. ಮಾಲೀಕರ ಮನೆಯಲ್ಲಿದ್ದ ದೀಪಗಳೇ ಆರ್ಡರನ್ನು ಉಳಿಸಿದವು ಎಂದು ಹೇಗೆ ಹೇಳಲಿ?